ಯಹೂದಿ ಬದುಕು, ಇತಿಹಾಸ: ಮೂರು ತಿಂಗಳಿಗೆ ಏನು ಓದೋಣ, ಏನು ನೋಡೋಣ?

ಕುಡ್ಲದ ಓದುಗ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನಮ್ಮದೊಂದು ಓದುಬಳಗ ಇದೆ. ತಿಂಗಳಿಗೊಂದು ಪುಸ್ತಕ, ಒಂದು ಭಾನುವಾರ ಸಂಜೆ ಹರಟೆ. ಮುಂದಿನ ಮೂರು ತಿಂಗಳಿಗೆ ಯಹೂದಿಗಳ ಬದುಕು ಮತ್ತು ಇತಿಹಾಸ ಅಂತ ವಿಷಯ ಇಟ್ಟುಕೊಂಡಿದ್ದೇವೆ. ಪುಸ್ತಕ, ಸಂಗೀತ, ಹೋಗಿ ನೋಡುವಂಥ ಜಾಗ, ಹಬ್ಬ, ಪ್ರದರ್ಶನ ಏನಿದ್ದರೂ ಹೇಳಿ.

ನಮ್ಮ ಬಳಗದಲ್ಲಿ ಬಂದ ಸಲಹೆಗಳೆಲ್ಲ ಎರಡೇ ಬಗೆಯವು. ಒಂದೋ ಹಿಟ್ಲರನ ಶಿಬಿರಗಳ ಕಥೆ, ಇಲ್ಲವೇ ಇಸ್ರೇಲಿನ ಯುದ್ಧಗಳ ಕಥೆ. ಅವು ಬೇಡ ಅಂತಲ್ಲ. ಆದರೆ ಎರಡು ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಹತ್ತಾರು ದೇಶಗಳಲ್ಲಿ ಬದುಕಿದ ಜನ ಇವರು. ಏನು ಉಂಡರು, ಸಾಲ ಹೇಗೆ ವಸೂಲಿ ಮಾಡಿದರು, ಮಗಳ ಮದುವೆಗೆ ಏನು ಕೊಟ್ಟರು ಅನ್ನೋದೇನೂ ತಿಳಿಯದೆ ಸಾವಿನ ಲೆಕ್ಕ ಮಾತ್ರ ತಿಳಿದರೆ ಅದು ಅರ್ಧ ಓದು. ಇದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ.

ಹಾಗಾಗಿ ನನ್ನ ಮೊದಲ ಆಯ್ಕೆ ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆನ್ ಆಂಟಿಕ್ ಲ್ಯಾಂಡ್'. ಪುಸ್ತಕ ಹಳೆಯದು, ಆದರೆ ನಮ್ಮ ಊರಿನದ್ದು. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಷಿಯಾದ ಮಹದಿಯಾ ಪಟ್ಟಣದವನು. ಯೆಮನ್‌ನ ಬಂದರು ಏಡನ್‌ಗೆ ಬಂದು, ಅಲ್ಲಿಂದ ಹಡಗು ಹತ್ತಿ, 1132ರ ಹೊತ್ತಿಗೆ ಮಂಗಳೂರಿನಲ್ಲಿದ್ದ. ಸುಮಾರು 17 ವರ್ಷ ಈ ಕರಾವಳಿಯಲ್ಲೇ ಕಳೆದು 1149ರಲ್ಲಿ ಏಡನ್‌ಗೆ ವಾಪಸ್ ಹೋದ. ಕಾಳುಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಒಂದು ಕಂಚಿನ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನ ಗೆಳೆಯರು ಹಳೇ ತಾಮ್ರ, ಒಡೆದ ಪಾತ್ರೆ ಕಳಿಸಿ, ಕರಗಿಸಿ ಇಂಥ ಅಳತೆಯದ್ದು ಹೊಸತು ಮಾಡಿಸಿಕೊಡು ಅಂತ ಬರೆಯುತ್ತಿದ್ದರು. ನಮ್ಮಲ್ಲಿ ಕಾಗದ ಸಿಗುವುದು ಕಷ್ಟವಿತ್ತು. ಅದಕ್ಕೇ ಸಕ್ಕರೆ, ಒಣದ್ರಾಕ್ಷಿಯ ಜೊತೆ ಈಜಿಪ್ಟಿನ ಕಾಗದವೂ ಕಾಣಿಕೆಯಾಗಿ ಬರುತ್ತಿತ್ತು. ಆದರೂ ಈ ಪುಣ್ಯಾತ್ಮ ತನಗೆ ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ ಬರೆದ. ನಮಗೆ ಒಳ್ಳೆಯದೇ ಆಯ್ತು. ಒಂದೇ ಹಾಳೆಯಲ್ಲಿ ಎರಡೂ ಉಳಿದವು.

ಸುಮ್ನೆ ಓದೋನು

900 ವರ್ಷ ಹಳೆಯ ಪತ್ರ ಉಳಿದದ್ದಾದರೂ ಹೇಗೆ? ನನ್ನ ಮನೆಯಲ್ಲಿ ಹೋದ ವರ್ಷದ ಕರೆಂಟ್ ಬಿಲ್ ಇಲ್ಲ.

ಕುಡ್ಲದ ಓದುಗ

ದೇವರ ಹೆಸರಿರುವ ಬರಹವನ್ನು ಕಸದಂತೆ ಎಸೆಯಬಾರದು ಅನ್ನೋದು ಯಹೂದಿಗಳ ಕಟ್ಟಳೆ. ಹಳತಾದದ್ದನ್ನು ಸಿನಗಾಗಿನ, ಅಂದರೆ ಅವರ ಪ್ರಾರ್ಥನಾ ಮಂದಿರದ, ಒಂದು ಕೋಣೆಯಲ್ಲಿ ಹಾಕಿಡುತ್ತಾರೆ, ಆಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆಗೆ ಗೆನಿಜಾ ಅಂತ ಹೆಸರು. ಕೈರೋದ ಹಳೇ ಭಾಗ ಫುಸ್ತಾತ್‌ನ ಬೆನ್ ಎಜ್ರಾ ಸಿನಗಾಗಿನಲ್ಲಿ ಹಾಕುವ ಕೆಲಸ ಮಾತ್ರ ನಡೆಯಿತು, ಮಣ್ಣು ಮಾಡುವ ಕೆಲಸ ಆಗಲೇ ಇಲ್ಲ. ಮಳೆ ಇಲ್ಲದ ಊರು ಬೇರೆ. ಧರ್ಮಗ್ರಂಥದ ಹಾಳೆಯ ಜೊತೆ ಅಂಗಡಿ ಚೀಟಿ, ವಿಚ್ಛೇದನ ಪತ್ರ, ಮಕ್ಕಳು ಅಕ್ಷರ ತಿದ್ದಿದ ಹಾಳೆ, ಸಾಲದ ಜಗಳ ಎಲ್ಲ ಸೇರಿಕೊಂಡಿತು.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸೋದರಿಯರು ಪ್ರವಾಸದಿಂದ ತಂದ ಕೆಲವು ಹಾಳೆಗಳನ್ನು ಕೇಂಬ್ರಿಜ್‌ನ ಸೊಲೊಮನ್ ಶೆಕ್ಟರ್‌ಗೆ ತೋರಿಸಿದರು. ಆತ ಅದೇ ವರ್ಷದ ಕೊನೆಗೆ ಕೈರೋಗೆ ಹೊರಟ. ಅಲ್ಲಿಂದ ತಂದದ್ದೇ ಇವತ್ತು ಕೇಂಬ್ರಿಜ್‌ನಲ್ಲಿ 1,90,000ಕ್ಕೂ ಹೆಚ್ಚು ತುಣುಕುಗಳಾಗಿವೆ. 2017ರಲ್ಲಿ ಅಲ್ಲಿನ ಗ್ರಂಥಾಲಯ ಇವುಗಳದ್ದೇ ಒಂದು ಪ್ರದರ್ಶನ ಮಾಡಿತ್ತು.

ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ನಮ್ಮಲ್ಲಿ ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇವಲ್ಲ, ಹಾಗೆ.

ಅಡಿಕೆ ಮಂಡಿ

ಮಾರಾಯ್ರೆ, ಅಡಿಕೆ ಅಂದಿರಿ ನೋಡಿ, ಅಲ್ಲಿಗೆ ನಾನು ಒಳಗೆ ಬಂದೆ. ಹನ್ನೆರಡನೇ ಶತಮಾನದಲ್ಲಿ ನಮ್ಮ ಅಡಿಕೆ ಏಡನ್‌ಗೆ ಹೋಗುತ್ತಿತ್ತಾ? ವ್ಯಾಪಾರದ ವಿವರ ಇನ್ನೂ ಹೇಳಿ. ಉಧಾರಿ ಕೊಡುತ್ತಿದ್ದರಾ?

ಕುಡ್ಲದ ಓದುಗ

ಉಧಾರಿ ಇಲ್ಲದೆ ವ್ಯಾಪಾರ ಉಂಟಾ ಸರ್? ನನಗೆ ತುಂಬ ಇಷ್ಟವಾದ ಜಗಳ ಒಂದಿದೆ. ಪತ್ರಗಳಲ್ಲಿ 'ಕಾರ್ದಾರ್' ಅಂತ ಒಬ್ಬ ಸ್ಥಳೀಯ ದಲ್ಲಾಳಿ ಬರುತ್ತಾನೆ. ಏಲಕ್ಕಿಗೆ ಮುಂಗಡ ತೆಗೆದುಕೊಂಡು ಮಾಲು ಕೊಡದೆ ಸತಾಯಿಸಿದ ಆಸಾಮಿ. ದುಡ್ಡು ಹಾಕಿದವರು ಏಡನ್‌ನಲ್ಲಿ ಕೂತಿದ್ದಾರೆ, ಮಧ್ಯೆ ಸಮುದ್ರ. ಅವರು ಬೆನ್ ಯಿಜುಗೆ ಪತ್ರದ ಮೇಲೆ ಪತ್ರ ಬರೆದು ನೆನಪಿಸುತ್ತಾರೆ. ಬಾಕಿ ಕೊಡದವರ ಮಾನ ನಾವಿಲ್ಲಿ ತೆಗೆಯುತ್ತೇವೆ ಅಂತ ಅವನಿಗೆ ಹೇಳು, ಹೆದರಿಯಾದರೂ ಕೊಟ್ಟಾನು ಅನ್ನುವ ಧಾಟಿಯಲ್ಲಿ. ಕೋರ್ಟು ಕಚೇರಿ ಎಲ್ಲ ಆಮೇಲೆ. ಮೊದಲ ಅಸ್ತ್ರ ಮರ್ಯಾದೆ.

ಅಡಿಕೆ ಮಂಡಿ

ಇವತ್ತಿಗೂ ಅದೇ ಅಸ್ತ್ರ. ಹೆಸರು ಹೇಳೋದಿಲ್ಲ.

ಮಲ್ಲೇಶ್ವರದ ಅಕ್ಕ

ನಾನೂ ಆ ಪುಸ್ತಕ ಓದಿದ್ದೇನೆ. ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನೀವು ಅಡಿಕೆ, ಏಲಕ್ಕಿ ಅಂತ ಖುಷಿಯಲ್ಲಿ ಬರೆಯುತ್ತಾ ಒಬ್ಬಳನ್ನು ಬಿಟ್ಟೇಬಿಟ್ಟಿರಿ. ಆಶು. ಬೆನ್ ಯಿಜು ಇಲ್ಲಿ ಕೊಂಡುಕೊಂಡ ಹೆಣ್ಣು. 1132ರ ಅಕ್ಟೋಬರ್‌ನಲ್ಲಿ ಅವಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಉಳಿದಿದೆ. ಅದರಲ್ಲಿ ಅವಳಿಗೆ 'ಬೆರಾಖಾ' ಅಂತ ಹೊಸ ಹೆಸರು. ಅವನ ಮಕ್ಕಳ ತಾಯಿ ಅವಳೇ ಅಂತ ವಿದ್ವಾಂಸರು ತಿಳಿಯುತ್ತಾರೆ. ಘೋಷ್ ಇದನ್ನು ಪ್ರೇಮಕಥೆ ಇರಬಹುದು ಅನ್ನುವ ಹಾಗೆ ಓದುತ್ತಾರೆ. ಇರಬಹುದು. ಆದರೆ ಅಷ್ಟೆಲ್ಲ ಪತ್ರಗಳಲ್ಲಿ ಅವಳದ್ದು ಅಂತ ಒಂದು ಸಾಲು ಇಲ್ಲ. ಏಡನ್‌ನ ಗೆಳೆಯರು ಮಕ್ಕಳನ್ನು ವಿಚಾರಿಸುತ್ತಾರೆ, ಆಳನ್ನು ವಿಚಾರಿಸುತ್ತಾರೆ. ಇವಳ ಹೆಸರು ಎತ್ತುವುದಿಲ್ಲ. ನಿಮ್ಮ ಬಳಗ ಈ ಪುಸ್ತಕ ಓದುವುದಾದರೆ ಒಂದು ಸಂಜೆ ಪೂರ್ತಿ ಅವಳ ಬಗ್ಗೆ ಮಾತಾಡಿ.

ಕುಡ್ಲದ ಓದುಗ

ಮಾತಾಡೋಣ ಅಕ್ಕ, ಖಂಡಿತ. ಬೆನ್ ಯಿಜುವಿನ ಲೆಕ್ಕದಲ್ಲಿ ಆಶುವಿನ ಅಣ್ಣನೋ ತಮ್ಮನೋ ಒಬ್ಬನ ಹೆಸರು ಬರುತ್ತದೆ, 'ನಾಯರ್' ಅಂತ. ಇಷ್ಟು ಬಾಕಿ ಅಂತ ಬರೆದಿದ್ದಾನೆ. ಹೆಂಡತಿಯ ತವರಿನ ಸುಳಿವು ನಮಗೆ ಸಿಗುವುದು ಭಾವನ ಲೆಕ್ಕದ ಮೂಲಕ.

ಮಗಳ ಕಥೆ ಇನ್ನೂ ಗಟ್ಟಿ. ಹೆಸರು ಸಿತ್ ಅಲ್‌ದಾರ್. ಹೊರಗಿನ ತಾಯಿ, ಅದೂ ದಾಸಿಯಾಗಿದ್ದವಳು. ಹೀಗಿರುವಾಗ ಮಕ್ಕಳು ಯಹೂದಿಗಳೇ ಹೌದೋ ಅಲ್ಲವೋ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಬೆನ್ ಯಿಜು ತಾನೇ ಇಂಥ ಧರ್ಮಶಾಸ್ತ್ರದ ಪ್ರಶ್ನೆಗಳ ಬಗ್ಗೆ ಬರೆದ ಕರಡುಗಳು ಸಿಕ್ಕಿವೆ. ಇಬ್ಬರು ಮಕ್ಕಳಲ್ಲಿ ಮಗ ಏಡನ್‌ನಲ್ಲಿ ತೀರಿಕೊಂಡ. ಉಳಿದವಳು ಇವಳೊಬ್ಬಳು. 1156ರಲ್ಲಿ ಫುಸ್ತಾತ್‌ನಲ್ಲಿ ಅವಳ ಮದುವೆ ದೊಡ್ಡಪ್ಪ-ಚಿಕ್ಕಪ್ಪನ ಮಗನ ಜೊತೆ ಆಯ್ತು. ಮದುವೆಗೆ ಕೊಟ್ಟ ವಸ್ತುಗಳ ಪಟ್ಟಿ ಕೂಡ ಗೆನಿಜಾದಲ್ಲಿ ಇದ್ದ ಹಾಳೆಗಳಲ್ಲಿದೆ.

ನಿವೃತ್ತ ಮಾಸ್ತರು

ಎಲ್ಲ ಸರಿ, ಆದರೆ ಘೋಷ್ ಕಾದಂಬರಿಕಾರರು. ಸಂದು ಸಿಕ್ಕಲ್ಲೆಲ್ಲ ಕಲ್ಪನೆ ತುಂಬುತ್ತಾರೆ. ಬೊಮ್ಮನ ವಿಷಯವನ್ನೇ ತೆಗೆದುಕೊಳ್ಳಿ. ಬೆನ್ ಯಿಜುವಿನ ಆಳು. ಪತ್ರದಲ್ಲಿ ಇರುವುದು ಮೂರು ಹೀಬ್ರೂ ಅಕ್ಷರ, ಸ್ವರ ಇಲ್ಲ. ಅದನ್ನು 'ಬೊಮ್ಮ' ಅಂತ ಓದಿ, ತುಳುನಾಡಿನ ಬೆರ್ಮೆರ್ ಭೂತದವರೆಗೆ ಎಳೆದಿದ್ದಾರೆ. ಮೂಲ ಬೇಕಿದ್ದರೆ ಎಸ್.ಡಿ. ಗೋಯ್ಟೈನ್ ಮತ್ತು ಮೊರ್ದೆಖಾಯ್ ಫ್ರೀಡ್‌ಮನ್ ಸೇರಿ 2008ರಲ್ಲಿ ಹೊರತಂದ 'ಇಂಡಿಯಾ ಟ್ರೇಡರ್ಸ್ ಆಫ್ ದಿ ಮಿಡಲ್ ಏಜಸ್' ಓದಬೇಕು. ಪತ್ರಗಳು ಅಲ್ಲಿವೆ, ಟಿಪ್ಪಣಿ ಅಲ್ಲಿವೆ.

ಕುಡ್ಲದ ಓದುಗ

ಎಳೆದದ್ದು ಸುಮ್ನೆ ಅಲ್ಲ ಮಾಸ್ತರೇ. ಘೋಷ್ ಮಂಗಳೂರಿಗೆ ಬಂದು ತುಳು ಜಾನಪದ ವಿದ್ವಾಂಸ ಬಿ.ಎ. ವಿವೇಕ ರೈ ಅವರ ಹತ್ತಿರ ಕೂತು ವಿಚಾರಿಸಿದ್ದಾರೆ. ನನಗೇನೋ ಅದು ಒಪ್ಪುವ ಓದು. ಒಪ್ಪದವರು ಬೊಮ್ಮನನ್ನು ಬೇರೆ ಹೆಸರಿನಿಂದ ಕರೆಯಲಿ, ಮನುಷ್ಯ ಅಂತೂ ಅಲ್ಲಿದ್ದಾನೆ. ಮಾಲು ತೆಗೆದುಕೊಂಡು ಏಡನ್‌ಗೆ ಹೋಗುತ್ತಾನೆ, ಯಜಮಾನನ ಪರವಾಗಿ ವ್ಯವಹಾರ ಮಾಡುತ್ತಾನೆ. ಒಮ್ಮೆ ಅಲ್ಲಿ ಕುಡಿದು ಗಲಾಟೆ ಮಾಡಿ, ಯಜಮಾನನ ಗೆಳೆಯನ ಹತ್ತಿರ ದುಡ್ಡು ಕೊಡು ಅಂತ ಪೀಡಿಸುತ್ತಾನೆ. ಆ ಗೆಳೆಯ ಮದ್ಮೂನ್, ಏಡನ್ ಬಂದರಿನ ದೊಡ್ಡ ಕುಳ. ಪಾಪ, ದೂರು ಬರೆದು ಕಳಿಸುತ್ತಾನೆ. ಹೀಗಿದ್ದೂ ಮುಂದಿನ ಪತ್ರಗಳಲ್ಲಿ ಬೊಮ್ಮನಿಗೆ ನಮಸ್ಕಾರ ಹೇಳು ಅಂತ ಬರೆಯುವುದನ್ನು ಏಡನ್‌ನವರು ಬಿಡಲಿಲ್ಲ.

ಮತ್ತೆ, ಗೋಯ್ಟೈನ್ ಪುಸ್ತಕ ಸುಮಾರು 900 ಪುಟ. ಭಾನುವಾರದ ಬಳಗ ಓಡಿ ಹೋದೀತು.

ನಿವೃತ್ತ ಮಾಸ್ತರು

ಓಡಿ ಹೋಗುವವರು ಹೋಗಲಿ.

ಮಲ್ಲೇಶ್ವರದ ಅಕ್ಕ

ಹಾಗಿದ್ದರೆ ನಡುವಿನ ದಾರಿ ಒಂದಿದೆ. ಎಲಿಜಬೆತ್ ಲ್ಯಾಂಬೋರ್ನ್ ಅವರ 'ಅಬ್ರಹಾಮ್ಸ್ ಲಗೇಜ್', 2018. ಇದೇ ಬೆನ್ ಯಿಜು ಮಲಬಾರಿನಿಂದ ಏಡನ್‌ಗೆ ಹಡಗು ಹತ್ತುವ ಮುಂಚೆ ಮಾಡಿದ ಒಂದು ಸಾಮಾನು ಪಟ್ಟಿ, ಅಷ್ಟೇ. ಏನೇನು ಮೂಟೆ, ಯಾವ ಜಾಡಿ, ಎಷ್ಟು ಪಾತ್ರೆ ಅಂತ. ಆ ಒಂದು ಪಟ್ಟಿ ಹಿಡಿದುಕೊಂಡು ಇಡೀ ಪುಸ್ತಕ ಬರೆದಿದ್ದಾರೆ. ಧರ್ಮದ ಕಟ್ಟಳೆ ಪಾಲಿಸುವ ಯಹೂದಿ ಮನೆಯವನಿಗೆ ಈ ಊರಲ್ಲಿ ಊಟ ಹೇಗೆ ನಡೆಯುತ್ತಿತ್ತು, ಹಡಗಿನ ಮೇಲೆ ಏನು ತಿನ್ನುತ್ತಿದ್ದ, ಇಲ್ಲಿನ ಅಡುಗೆಮನೆಯಿಂದ ಏನು ಕಲಿತ. ಮನೆ ಖಾಲಿ ಮಾಡಿ ಸಾಮಾನು ಕಟ್ಟಿದವರಿಗೆಲ್ಲ ಅರ್ಥವಾಗುವ ಪುಸ್ತಕ. ನನ್ನ ಪ್ರಕಾರ ಘೋಷ್ ಪುಸ್ತಕಕ್ಕಿಂತ ಇದೇ ಒಳ್ಳೆಯದು, ಬೈದರೂ ಚಿಂತೆಯಿಲ್ಲ.

ಬಸವನಗುಡಿ ಹುಡುಗ

ಕನ್ನಡದಲ್ಲಿ ಏನೂ ಇಲ್ವಾ? ಎಲ್ಲರೂ ಇಂಗ್ಲಿಷ್ ಪುಸ್ತಕದ ಹೆಸರೇ ಹೇಳ್ತಿದ್ದೀರಿ.

ಮಲ್ಲೇಶ್ವರದ ಅಕ್ಕ

ನೇಮಿಚಂದ್ರ ಅವರ 'ಯಾದ್ ವಶೇಮ್', 2007. ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಅಪ್ಪನ ಜೊತೆ ಬೆಂಗಳೂರಿಗೆ ಬಂದ ಯಹೂದಿ ಹುಡುಗಿ ಇಲ್ಲಿನ ಒಂದು ಮುಸ್ಲಿಂ ಮನೆಯಲ್ಲಿ ಬೆಳೆಯುವ ಕಾದಂಬರಿ. ಕಳೆದುಹೋದ ಮನೆಯವರನ್ನು ಮುಂದೆ ಹುಡುಕಿಕೊಂಡು ಹೋಗುತ್ತಾಳೆ. ಕನ್ನಡದಲ್ಲಿ ತುಂಬ ಜನ ಓದಿದ ಪುಸ್ತಕ. ನಿಮ್ಮ ಮನೆಯಲ್ಲೇ ಯಾರದೋ ಕಪಾಟಿನಲ್ಲಿ ಇದ್ದೀತು, ನೋಡಿ.

ಅಂದಹಾಗೆ ಬೆಂಗಳೂರಿನಲ್ಲಿ ಯಹೂದಿಗಳ ಸ್ಮಶಾನವೂ ಇದೆ, ಮೈಸೂರು ರಸ್ತೆಯ ಕಡೆ. 1904ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕೊಟ್ಟ ಜಾಗ.

ಬಸವನಗುಡಿ ಹುಡುಗ

ಯಾದ್ ವಶೇಮ್ ಅಮ್ಮನ ಕಪಾಟಿನಲ್ಲಿ ಸಿಕ್ತು! ಆದರೆ ಜರ್ಮನಿಯಿಂದ ನಿಜವಾಗಿ ಬೆಂಗಳೂರಿಗೆ ಯಾರಾದರೂ ಬಂದಿದ್ರಾ, ಅಥವಾ ಬರೀ ಕಥೆನಾ?

ನಿವೃತ್ತ ಮಾಸ್ತರು

ಬಂದಿದ್ದರು. ದೊಡ್ಡ ಹೆಸರೇ ಬಂದಿತ್ತು. ಮ್ಯಾಕ್ಸ್ ಬಾರ್ನ್. ಕ್ವಾಂಟಂ ಭೌತಶಾಸ್ತ್ರ ಕಟ್ಟಿದವರಲ್ಲಿ ಒಬ್ಬರು, 1954ರಲ್ಲಿ ನೊಬೆಲ್ ಸಿಕ್ಕಿತು. ಹುಟ್ಟಿದ್ದು ಯಹೂದಿ ಮನೆತನದಲ್ಲಿ. ಆಮೇಲೆ ಲೂಥರನ್ ಚರ್ಚಿಗೆ ಸೇರಿದ್ದರೂ ನಾಜಿಗಳು ನೋಡಿದ್ದು ಹುಟ್ಟನ್ನು. 1933ರಲ್ಲಿ ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಕೆಲಸ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆಗ ಸಿ.ವಿ. ರಾಮನ್ ನಿರ್ದೇಶಕರು. ಅವರು ಕರೆಸಿಕೊಂಡರು. 1935-36ರಲ್ಲಿ ಬಾರ್ನ್ ದಂಪತಿ ಸುಮಾರು ಆರು ತಿಂಗಳು ಬೆಂಗಳೂರಿನಲ್ಲಿದ್ದರು.

ಕಾಯಂ ಮಾಡಿಕೊಳ್ಳಬೇಕು ಅಂತ ರಾಮನ್‌ಗೆ ಆಸೆ. ಅದರ ಚರ್ಚೆಗೆ ಕರೆದ ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು ನಿಂತು, ಸ್ವಂತ ದೇಶದವರೇ ಓಡಿಸಿದ ಎರಡನೇ ದರ್ಜೆಯ ವಿದೇಶಿ ನಮಗೇಕೆ ಅನ್ನುವ ಅರ್ಥದಲ್ಲಿ ಮಾತಾಡಿದ. ಬಾರ್ನ್ ಅಲ್ಲೇ ಕೂತಿದ್ದರು. ಮನೆಗೆ ಹೋಗಿ ಹೆಂಡತಿಯ ಮುಂದೆ ಅತ್ತೆ ಅಂತ ಅವರೇ ಬರೆದುಕೊಂಡಿದ್ದಾರೆ. ಕೆಲಸ ಆಗಲಿಲ್ಲ. 1936ರಲ್ಲಿ ಎಡಿನ್‌ಬರಾಗೆ ಹೋದರು. ನಾಜಿಗಳ ದೇಶ ಬಿಟ್ಟು ಇಷ್ಟು ದೂರ ಬಂದವರಿಗೆ ಇಲ್ಲಿ ಸಿಕ್ಕಿದ್ದು ಇಂಥ ಮಾತು. ಅದನ್ನು ಆಡಿದವನು ನಮ್ಮವನಲ್ಲ ಅಂತ ನಾವು ಸಮಾಧಾನ ಮಾಡಿಕೊಳ್ಳಬಹುದು, ಆದರೆ ಕಾಯಂ ಆಗಲಿಲ್ಲ ಅನ್ನೋದಂತೂ ನಮ್ಮ ಸಂಸ್ಥೆಯ ಚರಿತ್ರೆಯಲ್ಲೇ ಇದೆ.

ಬಸವನಗುಡಿ ಹುಡುಗ

ಇದು ನಮಗೆ ಶಾಲೆಯಲ್ಲಿ ಯಾರೂ ಹೇಳಲೇ ಇಲ್ಲ.

ನಿವೃತ್ತ ಮಾಸ್ತರು

ಮುಗಿದಿಲ್ಲ. ಬಾರ್ನ್ ಅವರ ಅಕ್ಕತಂಗಿಯ ಮಗ ಒಟ್ಟೋ ಕೋನಿಗ್ಸ್‌ಬರ್ಗರ್, ವಾಸ್ತುಶಿಲ್ಪಿ. 1933ರಲ್ಲಿ ಬರ್ಲಿನ್‌ನಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿಗೆ ಹೋದರು. 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲ. ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ವೈಮಾನಿಕ ವಿಭಾಗದ ಕಟ್ಟಡ ಅವರದ್ದು. ಭುವನೇಶ್ವರ ನಗರದ ನಕ್ಷೆ ಹಾಕಿದವರೂ ಅವರೇ. ಮಾವನಿಗೆ ಸಿಗದ ಕೆಲಸ ಸೋದರಳಿಯನಿಗೆ ಸಿಕ್ಕಿತು.

ಠಾಣೆ ಕನ್ನಡಿಗ

ನಿಮ್ಮ ಚರ್ಚೆ ಮಂಗಳೂರು, ಬೆಂಗಳೂರು ಬಿಟ್ಟು ಈಚೆ ಬರಲಿ. ಭಾರತದ ಯಹೂದಿಗಳಲ್ಲಿ ಜಾಸ್ತಿ ಜನ ಇರುವುದು ನಮ್ಮ ಮುಂಬೈ, ಠಾಣೆ ಕಡೆ. ಬೆನೆ ಇಸ್ರೇಲ್ ಅಂತಾರೆ. ಮನೆಮಾತು ಮರಾಠಿ. ಹಡಗು ಒಡೆದು ಕೊಂಕಣದ ನವಗಾಂವ್ ತೀರಕ್ಕೆ ಬಂದು ಬಿದ್ದವರು ನಮ್ಮ ಹಿರಿಯರು ಅನ್ನುವುದು ಅವರ ಐತಿಹ್ಯ. ಹಳ್ಳಿಗಳಲ್ಲಿ ಗಾಣ ಹಾಕಿ ಎಣ್ಣೆ ತೆಗೆಯುತ್ತಿದ್ದರು. ಶನಿವಾರ ಗಾಣ ಬಂದ್. ಅದಕ್ಕೇ ಊರವರು 'ಶನಿವಾರ್ ತೇಲಿ' ಅಂತ ಕರೆದರು. ಅಡ್ಡಹೆಸರುಗಳೂ ಊರಿನವೇ. ದಿವೇಕರ್, ಚೇವುಲ್ಕರ್, ಹೀಗೆ.

ಓದಲಿಕ್ಕೆ ಎಸ್ತರ್ ಡೇವಿಡ್. ಅಹಮದಾಬಾದಿನವರು. 'ಬುಕ್ ಆಫ್ ರೇಚೆಲ್' ಕಾದಂಬರಿಗೆ 2010ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. 2021ರಲ್ಲಿ 'ಬೆನೆ ಅಪೆಟಿಟ್' ಅಂತ ಭಾರತದ ಯಹೂದಿಗಳ ಅಡುಗೆ ಬಗ್ಗೆ ಬರೆದರು. ಬರೀ ಪಾಕಪುಸ್ತಕ ಅಲ್ಲ, ಬೇರೆ ಬೇರೆ ಊರುಗಳ ಯಹೂದಿ ಮನೆಗಳ ಕಥೆ. ಮಾಂಸ ಮತ್ತು ಹಾಲು ಬೆರೆಸಬಾರದು ಅನ್ನುವ ಕಟ್ಟಳೆ ಇರುವ ಮನೆಗೆ ತೆಂಗಿನ ಹಾಲು ಎಷ್ಟು ದೊಡ್ಡ ಉಪಕಾರ ಮಾಡಿದೆ ಅನ್ನೋದು ಕರಾವಳಿಯವರಿಗೆ ಥಟ್ಟನೆ ಗೊತ್ತಾಗುತ್ತದೆ.

ಹೋಗಿ ನೋಡುವ ಜಾಗ ಕೇಳಿದಿರಿ. ಅಲಿಬಾಗ್ ಹತ್ತಿರ ಖಂಡಾಳಾ ಅಂತ ಹಳ್ಳಿ (ಗಿರಿಧಾಮ ಅಲ್ಲ, ಅದು ಬೇರೆ). ಪ್ರವಾದಿ ಎಲಿಯಾಹು ಅವರ ರಥ ತಗುಲಿದ ಗುರುತು ಅಂತ ಒಂದು ಬಂಡೆ ತೋರಿಸುತ್ತಾರೆ. ಹರಕೆ ಹೊತ್ತವರು ಬಂದು ಮಲಿದಾ ಮಾಡುತ್ತಾರೆ. ಅವಲಕ್ಕಿ, ಬೆಲ್ಲ ಅಥವಾ ಸಕ್ಕರೆ, ತೆಂಗಿನತುರಿ, ಏಲಕ್ಕಿ, ಸುತ್ತ ಹಣ್ಣುಗಳು. ಹೀಬ್ರೂ ಪ್ರಾರ್ಥನೆ ಹೇಳಿ ಹಂಚುತ್ತಾರೆ.

ಅಡಿಕೆ ಮಂಡಿ

ಇದು ನಮ್ಮ ಸಿಹಿ ಅವಲಕ್ಕಿ ಮಾರಾಯ್ರೆ!

ಠಾಣೆ ಕನ್ನಡಿಗ

ಹೌದು ಸರ್. ನಿಮ್ಮ ಕಡೆಯ ನಂಟು ಇನ್ನೊಂದು ಇದೆ. ಮುಂಬೈಯ ಮೊದಲ ಸಿನಗಾಗ್ ಕಟ್ಟಿಸಿದವನು ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್, 1796ರಲ್ಲಿ. ಕಂಪನಿ ಸೈನ್ಯದಲ್ಲಿದ್ದವನು. ಎರಡನೇ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕೈಗೆ ಸೆರೆಸಿಕ್ಕಿದ. ಯಾವ ಜಾತಿ ಅಂತ ಕೇಳಿದಾಗ ಬೆನೆ ಇಸ್ರೇಲ್ ಅಂದನಂತೆ. ಕುರಾನಿನಲ್ಲಿ ಇವರ ಹೆಸರು ಕೇಳಿದ್ದೇನೆ, ಕಣ್ಣಾರೆ ನೋಡಿರಲಿಲ್ಲ, ಬಿಟ್ಟುಬಿಡು ಅಂತ ಟಿಪ್ಪುವಿನ ತಾಯಿ ಹೇಳಿದರಂತೆ. ಎರಡೂ 'ಅಂತೆ' ಗಮನಿಸಿ. ಸೆರೆ ಮತ್ತು ಸಿನಗಾಗ್ ಚರಿತ್ರೆ, ತಾಯಿಯ ಮಾತು ಐತಿಹ್ಯ. ಬದುಕಿ ಬಂದರೆ ಕಟ್ಟಿಸುತ್ತೇನೆ ಅಂತ ಹರಕೆ ಹೊತ್ತಿದ್ದ ಅನ್ನುತ್ತಾರೆ.

ರಾಜಕೀಯ ಪ್ರಿಯ

ಗಾಜಾದಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಯಹೂದಿ ಸಂಸ್ಕೃತಿ ಅಂತ ಅವಲಕ್ಕಿ ಹಂಚುತ್ತಾ ಕೂರೋದು ಸರಿಯಾ?

ಠಾಣೆ ಕನ್ನಡಿಗ

ನಮ್ಮ ಬೀದಿಯಲ್ಲಿ ನಲವತ್ತು ವರ್ಷದಿಂದ ಬೇಕರಿಗೆ ಸಾಲಿನಲ್ಲಿ ನಿಲ್ಲುವ ಅಜ್ಜಿಗೆ ನೆತನ್ಯಾಹು ಪರವಾಗಿ ಉತ್ತರ ಕೊಡಿ ಅಂತ ಕೇಳಲು ನನ್ನಿಂದಾಗದು.

ಆ ದೇಶದ ಜೊತೆ ಇವರ ಸಂಬಂಧವೂ ಅಷ್ಟು ಸಲೀಸಾಗಿರಲಿಲ್ಲ. ಇಸ್ರೇಲಿಗೆ ಹೋದ ಬೆನೆ ಇಸ್ರೇಲ್ ಜನರ ಮದುವೆ ಬಂದಾಗ, ಇವರು ಪಕ್ಕಾ ಯಹೂದಿಗಳು ಹೌದೋ ಅಲ್ಲವೋ ವಂಶ ವಿಚಾರಿಸಿ ಅಂತ ಅಲ್ಲಿನ ಮುಖ್ಯ ರಬ್ಬಿಗಳು (ಧರ್ಮಗುರುಗಳು) 1960ರ ದಶಕದ ಶುರುವಿನಲ್ಲಿ ತಕರಾರು ತೆಗೆದರು. ಇವರು ಬೀದಿಗಿಳಿದು ಪ್ರತಿಭಟಿಸಿದರು. 1964ರಲ್ಲಿ ಅಲ್ಲಿನ ಸಂಸತ್ತು ಇವರ ಪರ ನಿಲ್ಲಬೇಕಾಯ್ತು.

ನಿರ್ವಾಹಕ

ಗಾಜಾ ಯುದ್ಧಕ್ಕೆ ಬೇರೆ ಚರ್ಚೆ ತೆರೆದಿದೆ, ಅಲ್ಲಿ ಎಲ್ಲರಿಗೂ ಮಾತಾಡಲು ಜಾಗ ಇದೆ. ಇಲ್ಲಿ ಪುಸ್ತಕ ಮತ್ತು ಕಾರ್ಯಕ್ರಮ ಮುಂದುವರಿಸಿ.

ಕೊಚ್ಚಿ ವಾಸಿ

ಎಲ್ಲರೂ ಕೊಚ್ಚಿಯನ್ನು ಮರೆತಿದ್ದೀರಲ್ಲ! 1568ರ ಪರದೇಸಿ ಸಿನಗಾಗ್ ಮಟ್ಟಾಂಚೇರಿಯಲ್ಲಿದೆ. ನೆಲಕ್ಕೆ ಹಾಸಿದ ಚೀನಾದ ನೀಲಿ-ಬಿಳಿ ಬಿಲ್ಲೆಗಳ ಮೇಲೆ ಬರಿಗಾಲಲ್ಲೇ ನಡೆಯಬೇಕು. ಭಾಸ್ಕರ ರವಿವರ್ಮ ರಾಜ ಸುಮಾರು 1000ನೇ ಇಸವಿಯಲ್ಲಿ ಜೋಸೆಫ್ ರಬ್ಬಾನ್ ಎಂಬ ಯಹೂದಿ ಮುಖಂಡನಿಗೆ ಕೊಟ್ಟ ತಾಮ್ರಶಾಸನ ಇವರ ಬಳಿಯೇ ಇದೆ. 72 ಹಕ್ಕು. ಹಗಲು ದೀವಟಿಗೆ, ಛತ್ರಿ, ಪಲ್ಲಕ್ಕಿ, ಕಹಳೆ ಎಲ್ಲ ಸೇರಿ. ನಮ್ಮ ಊರಿನ ದೊಡ್ಡ ಮನೆಗಳಿಗೆ ಇದ್ದ ಮರ್ಯಾದೆಗಳೇ.

ಆದರೆ ಪ್ರವಾಸಿ ಗೈಡ್‌ಗಳು ಹೇಳದ ಮಾತು ಬೇರೆ ಇದೆ. ಈ ಪರದೇಸಿ ಸಿನಗಾಗಿನಲ್ಲೇ ಕಪ್ಪು-ಬಿಳಿ ಭೇದ ಜೋರಾಗಿತ್ತು. ದಾಸ್ಯದಿಂದ ಬಿಡುಗಡೆಯಾದವರ ವಂಶಸ್ಥರಿಗೆ ಒಳಗೆ ಬೆಂಚಿನ ಮೇಲೆ ಜಾಗ ಇಲ್ಲ, ಪೂಜೆಯಲ್ಲಿ ಸಮಪಾಲು ಇಲ್ಲ. ಅದೇ ವಂಶದ ವಕೀಲ ಎ.ಬಿ. ಸೇಲಂ ಸಿನಗಾಗಿನ ಒಳಗೇ ಸತ್ಯಾಗ್ರಹ ಮಾಡಿದರು. ಜನ ಯಹೂದಿ ಗಾಂಧಿ ಅಂತ ಕರೆದರು. ಮಲ್ಲೇಶ್ವರದ ಅಕ್ಕ ಆಶು ಬಗ್ಗೆ ಎತ್ತಿದ ಪ್ರಶ್ನೆ ಕೊಚ್ಚಿಯಲ್ಲಿ ನಾಲ್ಕು ಶತಮಾನ ಜೀವಂತ ಇತ್ತು.

ಓದುವುದಕ್ಕಿಂತ ಮೊದಲು ಕೇಳಿ. ಕೊಚ್ಚಿಯ ಯಹೂದಿ ಹೆಂಗಸರು ಮದುವೆಯಲ್ಲಿ, ಹಬ್ಬದಲ್ಲಿ ಮಲಯಾಳದಲ್ಲಿ ಹಾಡುತ್ತಿದ್ದರು. ಮೋಶೆಯ ಕಥೆ, ಯೋಸೇಫನ ಕಥೆ, ಮದುಮಗನ ವರ್ಣನೆ. ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟುಕೊಂಡು ತಾಯಿಯಿಂದ ಮಗಳಿಗೆ ಕೊಟ್ಟರು. 1950ರ ದಶಕದಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದಾಗ ಆ ನೋಟ್‌ಬುಕ್ಕುಗಳೂ ಪೆಟ್ಟಿಗೆಯಲ್ಲಿ ಹೋದವು. 2004ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಸಂಗೀತ ಕೇಂದ್ರ 'ಓ ಲವ್ಲೀ ಪ್ಯಾರಟ್' ಅಂತ ಸಿಡಿ ಮಾಡಿತು. ವಯಸ್ಸಾದ ದನಿಗಳು, ಮಧ್ಯೆ ಶ್ರುತಿ ತಪ್ಪುತ್ತದೆ, ಬಿಡಿ. ನಮಗೆ ಮಲಯಾಳ ಅರ್ಧಂಬರ್ಧ ಗೊತ್ತಿದ್ದರೂ ಸಾಕು.

ಮಲ್ಲೇಶ್ವರದ ಅಕ್ಕ

ಬೆನ್ ಯಿಜು ಮನೆಯಲ್ಲಿ ಸಿಗದೇ ಹೋದ ಹೆಂಗಸರ ದನಿ ಇಲ್ಲಿದೆ ಹಾಗಾದರೆ. ಓದುಗ ಸರ್, ಈ ಹಾಡುಗಳನ್ನು ಖಂಡಿತ ಸೇರಿಸಿ.

ಕ್ರಾಕೋವ್ ಕನ್ನಡತಿ

ಪೋಲೆಂಡಿನಿಂದ ನಮಸ್ಕಾರ. ಹಬ್ಬದ ವಿಷಯಕ್ಕೆ ನನ್ನದೂ ಒಂದು ಮಾತು. ಇಲ್ಲಿ ಕ್ರಾಕೋವ್‌ನಲ್ಲಿ ಎರಡನೇ ಮಹಾಯುದ್ಧಕ್ಕೆ ಮುಂಚೆ ಊರಿನ ಸುಮಾರು ಕಾಲು ಭಾಗ ಯಹೂದಿಗಳಿದ್ದರು. ಈಗ ತುಂಬ ಕಡಿಮೆ. 1988ರಲ್ಲಿ ಇಲ್ಲಿ ಯಹೂದಿ ಸಂಸ್ಕೃತಿ ಉತ್ಸವ ಶುರು ಮಾಡಿದ ಇಬ್ಬರೂ ಯಹೂದಿಗಳಲ್ಲ. ಕಮ್ಯುನಿಸ್ಟ್ ಸರ್ಕಾರ ಇನ್ನೂ ಇದ್ದ ಕಾಲ. ಕಾಜಿಮೆಜ್ ಅನ್ನುವ ಹಳೇ ಯಹೂದಿ ಪೇಟೆಯಲ್ಲಿ ಬೇಸಿಗೆಯಲ್ಲಿ ನಡೆಯುತ್ತದೆ. ಸಿನಗಾಗಿನಲ್ಲಿ ಸಂಗೀತ, ಬೀದಿಯಲ್ಲಿ ಕುಣಿತ, ಯಿದ್ದಿಷ್ ಭಾಷೆಯ ಪಾಠ, ಅಡುಗೆ, ಹೀಬ್ರೂ ಅಕ್ಷರ ಬರೆಯುವ ತರಗತಿ. ವೇದಿಕೆ ಮೇಲಿರುವವರು ಬಹಳಷ್ಟು ಹೊರದೇಶದ ಯಹೂದಿಗಳು, ಕೆಳಗೆ ಕುಣಿಯುವವರು ಬಹಳಷ್ಟು ಪೋಲಿಷ್ ಹುಡುಗ ಹುಡುಗಿಯರು. ಜನರಿಲ್ಲದ ಊರಲ್ಲಿ ಅವರ ಹಬ್ಬ ಮಾಡೋದು ವ್ಯಾಪಾರವೋ ಪ್ರೀತಿಯೋ ಅಂತ ಇಲ್ಲಿಯೂ ಜಗಳ ಇದೆ. ಎರಡೂ ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಾರ್ಸಾದ ಪೋಲಿನ್ ಮ್ಯೂಸಿಯಂ. ಮುಖ್ಯ ಪ್ರದರ್ಶನ ತೆರೆದದ್ದು 2014ರಲ್ಲಿ. ಓದುಗ ಸರ್ ಹೇಳಿದ ಹಠವೇ ಅವರದ್ದೂ. ಸಾವಿರ ವರ್ಷದ ಬದುಕು, ಸಾವಿನ ಭಾಗ ಅದರಲ್ಲಿ ಒಂದು ಕೋಣೆ. ನಾನು ಜಾಸ್ತಿ ಹೊತ್ತು ನಿಂತದ್ದು ಗ್ವೋಜ್‌ಜಿಯೆಟ್ಸ್ ಅನ್ನುವ ಊರಿನ ಮರದ ಸಿನಗಾಗಿನ ಚಾವಣಿಯ ಕೆಳಗೆ. ಮೂಲ ಕಟ್ಟಡ ಈಗಿಲ್ಲ. ಹಳೇ ಫೋಟೋ, ನಕ್ಷೆ ಇಟ್ಟುಕೊಂಡು ಹೊಸದಾಗಿ ಕಟ್ಟಿದ್ದಾರೆ. ಯಂತ್ರ ಮುಟ್ಟದೆ, ಹಳೇ ಕಾಲದ ಕೊಡಲಿ, ಕೈಗರಗಸದಲ್ಲೇ ಮರ ಕೆತ್ತಿದರು. ಬಣ್ಣವೂ ಕೈಯಿಂದಲೇ. ಒಳಗೆ ಸಿಂಹ, ಮೊಲ, ರಾಶಿಚಿಹ್ನೆ, ಬಳ್ಳಿ, ಹೂವು, ಕತ್ತು ನೋಯುವಷ್ಟು.

ಸುಮ್ನೆ ಓದೋನು

ನಾನು ಒಂದೇ ಒಂದು ಹೇಳಿ ಹೋಗ್ತೀನಿ. ಬೆಳಗ್ಗೆ ಆಕಾಶವಾಣಿ ಶುರುವಾಗುವಾಗ ಬರುವ ರಾಗ ಇದೆಯಲ್ಲ, ತಂಬೂರಿ ಮೇಲೆ ಪಿಟೀಲು? ಅದನ್ನು ಮಾಡಿದವರು ವಾಲ್ಟರ್ ಕೌಫ್‌ಮನ್ ಅಂತ ಹೇಳುತ್ತಾರೆ. ಈಗಿನ ಚೆಕ್ ದೇಶದ ಯಹೂದಿ ಸಂಗೀತಗಾರ. ನಾಜಿಗಳಿಂದ ತಪ್ಪಿಸಿಕೊಂಡು ಮುಂಬೈಗೆ ಬಂದು ರೇಡಿಯೋದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಂಡರು. ಅವರ ಬೇರೆ ರಚನೆಗಳು ಎಷ್ಟೋ ವರ್ಷ ಮೂಲೆಯಲ್ಲಿದ್ದವು. 2020ರಲ್ಲಿ ಟೊರಾಂಟೋದ ಎಆರ್‌ಸಿ ಆನ್ಸಾಂಬಲ್ ಒಂದು ಆಲ್ಬಮ್ ಮಾಡಿತು. ಮಧ್ಯೆ ಮಧ್ಯೆ ನಮ್ಮ ರಾಗದ ಛಾಯೆ ಕೇಳಿಸುತ್ತದೆ.

ನಿವೃತ್ತ ಮಾಸ್ತರು

ಸುಮ್ನೆ ಓದೋನು ಅಂತ ಹೆಸರಿಟ್ಟುಕೊಂಡು ಎಲ್ಲರಿಗಿಂತ ಒಳ್ಳೆಯದು ಹೇಳಿದಿರಿ.

ಕುಡ್ಲದ ಓದುಗ

ಬಳಗದವರ ಹತ್ತಿರ ಮಾತಾಡಿದೆ. ಹೀಗೆ ಮಾಡೋಣ ಅಂತ ಆಯ್ತು. ಮೊದಲ ತಿಂಗಳು ಘೋಷ್, ಜೊತೆಗೆ ಲ್ಯಾಂಬೋರ್ನ್ ಪುಸ್ತಕದಿಂದ ಊಟದ ಭಾಗ. ಚರ್ಚೆ ಶುರುವಾಗುವುದೇ ಆಶುವಿನಿಂದ, ಮಲ್ಲೇಶ್ವರದ ಅಕ್ಕ ಆನ್‌ಲೈನ್ ಬರಲು ಒಪ್ಪಿದ್ದಾರೆ. ಎರಡನೇ ತಿಂಗಳು ಯಾದ್ ವಶೇಮ್, ಅದರ ಜೊತೆ ಬಾರ್ನ್ ಪ್ರಸಂಗ ಮಾಸ್ತರು ಹೇಳಲಿ. ಮೂರನೇ ತಿಂಗಳು ಪುಸ್ತಕ ಇಲ್ಲ. ಕೊಚ್ಚಿಯ ಹಾಡು, ಕೌಫ್‌ಮನ್ ಸಂಗೀತ, ಮಲಿದಾ. ಆಮೇಲೆ ಸಾಧ್ಯವಾದವರು ರೈಲಿನಲ್ಲಿ ಮಟ್ಟಾಂಚೇರಿಗೆ ಹೋಗಿ ಬರೋದು.

ಕೊಚ್ಚಿ ವಾಸಿ

ಶನಿವಾರ ಬರಬೇಡಿ, ಸಿನಗಾಗ್ ಮುಚ್ಚಿರುತ್ತದೆ. ಪರವೂರ್ ಮತ್ತು ಚೇಂದಮಂಗಲಂ ಸಿನಗಾಗುಗಳೂ ಈಗ ಮ್ಯೂಸಿಯಂ ಆಗಿವೆ, ಅಲ್ಲಿ ಇಷ್ಟು ಜನಜಂಗುಳಿ ಇಲ್ಲ. ಅವನ್ನು ಬಿಟ್ಟು ಬರೀ ಮಟ್ಟಾಂಚೇರಿ ನೋಡಿ ಹೋದರೆ ನಾನು ಮಾತಾಡಿಸೋದಿಲ್ಲ.

ಅಡಿಕೆ ಮಂಡಿ

ಅವಲಕ್ಕಿ, ಬೆಲ್ಲ ನನ್ನ ಖರ್ಚು. ಆ 900 ಪುಟದ ಪುಸ್ತಕವನ್ನೂ ಒಂದು ಪ್ರತಿ ತರಿಸೋಣವಾ? ಏಲಕ್ಕಿ ದಲ್ಲಾಳಿಯ ಬಾಕಿ ಕಡೆಗಾದರೂ ಬಂತಾ ಅಂತ ನೋಡಬೇಕು.

ನಿವೃತ್ತ ಮಾಸ್ತರು

ತರಿಸಬೇಡಿ, ಬೆಲೆ ಕೇಳಿದರೆ ಅಡಿಕೆ ರೇಟು ನೆನಪಾಗುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಜಾಲತಾಣ ಪುಕ್ಕಟೆ ಇದೆ. ಬೆನ್ ಯಿಜು ಅಂತ ಹುಡುಕಿ. ಎಷ್ಟೋ ಪತ್ರಗಳ ವಿವರ ಸಿಗುತ್ತದೆ, ಹಾಳೆಯ ಫೋಟೋ ಕೂಡ. ದೊಡ್ಡದು ಮಾಡಿ ನೋಡಿದರೆ ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದದ್ದೂ ಕಾಣುತ್ತದೆ.